ಹೆಸರಿಡುವ ಪದ್ಧತಿಗಳು

ಹುಟ್ಟಿದ ಮಗುವಿಗೆ ಹೆಸರು ಕೊಟ್ಟು, ಆ ಹೆಸರಿನ ಮೂಲಕ ಅದನ್ನು ಮನೆತನಕ್ಕೂ ಕುಲಕ್ಕೂ ಸೇರಿಸಿಕೊಳ್ಳುವುದು ಬಹುತೇಕ ಎಲ್ಲ ಮಾನವ ಸಮಾಜಗಳಲ್ಲಿ ಕಂಡುಬರುವ ಆಚಾರ. ಹೆಸರು ಎರಡು ಕೆಲಸ ಮಾಡುತ್ತದೆ. ಒಬ್ಬ ವ್ಯಕ್ತಿಯನ್ನು ಉಳಿದವರಿಂದ ಬೇರೆಯಾಗಿ ಗುರುತಿಸುವುದು ಒಂದು. ಆ ವ್ಯಕ್ತಿ ಯಾರ ಮಗ, ಯಾವ ಮನೆಯವಳು, ಯಾವ ಊರಿನವರು, ಯಾವ ದೇವರ ಒಕ್ಕಲು ಎಂದು ತಿಳಿಸುವುದು ಇನ್ನೊಂದು. ಮೊದಲ ಕೆಲಸಕ್ಕೆ ಒಂದೇ ಪದ ಸಾಕು. ಎರಡನೆಯದಕ್ಕೆ ಬೇರೆ ಬೇರೆ ಸಂಸ್ಕೃತಿಗಳು ಬೇರೆ ಬೇರೆ ದಾರಿ ಹಿಡಿದಿವೆ. ತಂದೆಯ ಹೆಸರನ್ನು ಸೇರಿಸುವುದು, ಕುಲದ ಹೆಸರನ್ನು ಮುಂದಿಡುವುದು, ತಾಯಿಯ ಮನೆತನವನ್ನೂ ಜೊತೆಗಿಡುವುದು, ಹುಟ್ಟಿದ ವಾರವನ್ನು ಹೆಸರಿನಲ್ಲೇ ಅಡಗಿಸುವುದು ಇವುಗಳಲ್ಲಿ ಮುಖ್ಯ. ಇಂದು ಜಗತ್ತಿನ ಬಹುಪಾಲು ಕಡೆ ರೂಢಿಯಲ್ಲಿರುವ, ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಇಳಿದು ಬರುವ ಕುಟುಂಬನಾಮ ಹಲವು ದೇಶಗಳಲ್ಲಿ ಕಳೆದ ಎರಡು ಮೂರು ಶತಮಾನಗಳಲ್ಲಷ್ಟೇ ಸರ್ಕಾರಿ ದಾಖಲೆಗಳ ಅಗತ್ಯದಿಂದ ನೆಲೆಗೊಂಡದ್ದು.

ಹೆಸರಿಡುವ ದಿನ

ಮಗು ಹುಟ್ಟಿದ ತಕ್ಷಣ ಹೆಸರಿಡದೆ ಕೆಲವು ದಿನ ಕಾಯುವುದು ವ್ಯಾಪಕವಾದ ರೂಢಿ. ಎಳೆಗೂಸುಗಳ ಸಾವು ಸಾಮಾನ್ಯವಾಗಿದ್ದ ಕಾಲದಲ್ಲಿ ಮೊದಲ ವಾರವನ್ನು ದಾಟಿದ ಮಗುವನ್ನಷ್ಟೇ ಕುಟುಂಬದ ಸದಸ್ಯನೆಂದು ಎಣಿಸುವುದಕ್ಕೂ, ಬಾಣಂತಿಯ ಸೂತಕ ಕಳೆಯುವುದಕ್ಕೂ ಈ ಕಾಯುವಿಕೆಗೂ ಸಂಬಂಧವಿದೆ. ಪ್ರಾಚೀನ ರೋಮಿನಲ್ಲಿ ಹೆಣ್ಣುಮಗುವಿಗೆ 8ನೆಯ ದಿನ, ಗಂಡುಮಗುವಿಗೆ 9ನೆಯ ದಿನ ಶುದ್ಧಿ ಮಾಡಿ ಹೆಸರಿಡುತ್ತಿದ್ದರು. ಯಹೂದಿಗಳಲ್ಲಿ ಗಂಡುಮಗುವಿನ ಹೆಸರು 8ನೆಯ ದಿನದ ಸುನ್ನತಿಯ ಸಮಯದಲ್ಲಿ ಪ್ರಕಟವಾಗುತ್ತದೆ; ಹೆಣ್ಣುಮಗುವಿನ ಹೆಸರನ್ನು ಸಾಮಾನ್ಯವಾಗಿ ಸಿನಗಾಗಿನಲ್ಲಿ ತೋರಾ ಪಠನದ ವೇಳೆ ಹೇಳುತ್ತಾರೆ. ಮುಸ್ಲಿಮರಲ್ಲಿ ಮಗು ಹುಟ್ಟಿದೊಡನೆ ಅದರ ಬಲಗಿವಿಯಲ್ಲಿ ಅಜಾನ್ ಹೇಳುವ ಪದ್ಧತಿಯಿದೆ. 7ನೆಯ ದಿನದ ಅಕೀಕಾದಲ್ಲಿ ಕುರಿ ಅಥವಾ ಆಡನ್ನು ಕೊಯ್ದು ಮಾಂಸವನ್ನು ಬಂಧುಗಳಿಗೂ ಬಡವರಿಗೂ ಹಂಚುತ್ತಾರೆ. ಮಗುವಿನ ತಲೆಗೂದಲು ತೆಗೆದು, ಆ ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ದಾನ ಮಾಡುತ್ತಾರೆ. ಕ್ರೈಸ್ತರಲ್ಲಿ ಹೆಸರಿಡುವುದು ದೀಕ್ಷಾಸ್ನಾನದೊಂದಿಗೆ ಬೆರೆತಿದೆ. ಮಗುವಿನ ಧಾರ್ಮಿಕ ಹೊಣೆ ಹೊರುವ ಜ್ಞಾನಪಿತ, ಜ್ಞಾನಮಾತೆಯರು ಈ ಮೂಲಕ ಕುಟುಂಬದ ನಂಟರಾಗುತ್ತಾರೆ.

ಘಾನಾದ ಅಕಾನ್ ಜನರಲ್ಲಿ 8ನೆಯ ದಿನ ನಸುಕಿನಲ್ಲಿ ಮಗುವನ್ನು ಮೊದಲ ಬಾರಿಗೆ ಮನೆಯಿಂದ ಹೊರಗೆ ತರುತ್ತಾರೆ. ಹಿರಿಯರೊಬ್ಬರು ಅದರ ನಾಲಿಗೆಗೆ ಒಂದು ಹನಿ ನೀರನ್ನೂ ಒಂದು ಹನಿ ಮದ್ಯವನ್ನೂ ಮುಟ್ಟಿಸುತ್ತಾರೆ. ನೀರನ್ನು ಕಂಡರೆ ನೀರೆನ್ನಬೇಕು, ಮದ್ಯವನ್ನು ಕಂಡರೆ ಮದ್ಯವೆನ್ನಬೇಕು, ಸುಳ್ಳಾಡಬಾರದು ಎಂಬುದು ಮಗುವಿಗೆ ಸಿಗುವ ಮೊದಲ ಪಾಠ. ನೈಜೀರಿಯಾದ ಯೊರುಬಾ ಸಮುದಾಯದಲ್ಲೂ 8ನೆಯ ದಿನವೇ ಹೆಸರಿಡುವ ದಿನ. ಅಲ್ಲಿ ಜೇನು, ಉಪ್ಪು, ನೀರು, ಕೋಲಾ ಬೀಜಗಳನ್ನು ಒಂದೊಂದಾಗಿ ಮುಟ್ಟಿಸಿ ಹರಸುತ್ತಾರೆ. ಅಜ್ಜ ಅಜ್ಜಿ, ಹತ್ತಿರದ ನೆಂಟರು ತಂತಮ್ಮ ಕಡೆಯಿಂದ ಒಂದೊಂದು ಹೆಸರು ಕೊಡುವುದರಿಂದ ಒಂದೇ ಮಗುವಿಗೆ ಹಲವು ಹೆಸರುಗಳಾಗುತ್ತವೆ.

ಪೂರ್ವ ಏಷ್ಯಾದಲ್ಲಿ ಹೆಸರಿಗಿಂತ ಮಗುವಿನ ಬೆಳವಣಿಗೆಯ ಮೈಲಿಗಲ್ಲುಗಳಿಗೆ ಹೆಚ್ಚಿನ ಸಂಭ್ರಮ. ಜಪಾನಿನಲ್ಲಿ 7ನೆಯ ರಾತ್ರಿ ಮಗುವಿನ ಹೆಸರನ್ನು ಕುಂಚದಿಂದ ಕಾಗದದ ಮೇಲೆ ಬರೆದು ಮನೆಯಲ್ಲಿ ತೂಗುಹಾಕುವ ರೂಢಿಯಿದೆ. ಮಕ್ಕಳಿಗೆ 3, 5, 7 ವರ್ಷಗಳಾದಾಗ ನವೆಂಬರ್ 15ರ ಶಿಚಿ-ಗೊ-ಸಾನ್ ಹಬ್ಬದಲ್ಲಿ ಅವರಿಗೆ ಕಿಮೊನೊ ತೊಡಿಸಿ ದೇಗುಲಕ್ಕೆ ಕರೆದೊಯ್ಯುತ್ತಾರೆ. ಚೀನಾದಲ್ಲಿ ತಿಂಗಳು ತುಂಬಿದಾಗ ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳನ್ನು ನೆಂಟರಿಗೆ ಹಂಚುತ್ತಾರೆ. ಕೊರಿಯಾದಲ್ಲಿ 100ನೆಯ ದಿನವೂ ಮೊದಲ ಹುಟ್ಟುಹಬ್ಬವೂ ದೊಡ್ಡ ಸಮಾರಂಭಗಳು. ಮೊದಲ ಹುಟ್ಟುಹಬ್ಬದಂದು ದಾರ, ಪುಸ್ತಕ, ಕುಂಚ, ಹಣ, ಅಕ್ಕಿ ಮುಂತಾದವನ್ನು ಮಗುವಿನ ಮುಂದೆ ಹರಡಿ, ಅದು ಯಾವುದಕ್ಕೆ ಕೈಹಾಕುತ್ತದೆಂದು ನೋಡುತ್ತಾರೆ. ದಾರ ಹಿಡಿದರೆ ದೀರ್ಘಾಯುಷ್ಯ, ಪುಸ್ತಕ ಹಿಡಿದರೆ ವಿದ್ಯೆ, ಹಣ ಹಿಡಿದರೆ ಸಿರಿ ಎಂಬ ನಂಬಿಕೆ.

ಭಾರತದಲ್ಲಿ ನಾಮಕರಣ

ಹಿಂದೂ ಸಂಪ್ರದಾಯದ ಷೋಡಶ ಸಂಸ್ಕಾರಗಳಲ್ಲಿ ನಾಮಕರಣವೂ ಒಂದು. ಸೂತಕ ಕಳೆದ ಮೇಲೆ 11 ಅಥವಾ 12ನೆಯ ದಿನ ಇದನ್ನು ನಡೆಸುವುದು ವಾಡಿಕೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ತಂದೆ ಚಿನ್ನದ ಉಂಗುರದಿಂದ ಹೆಸರು ಬರೆದು, ಅದನ್ನು ಮಗುವಿನ ಬಲಗಿವಿಯಲ್ಲಿ ಹೇಳುತ್ತಾನೆ. ಗಂಡುಮಕ್ಕಳ ಹೆಸರಿನಲ್ಲಿ ಅಕ್ಷರಗಳು ಸಮಸಂಖ್ಯೆಯಲ್ಲೂ ಹೆಣ್ಣುಮಕ್ಕಳ ಹೆಸರಿನಲ್ಲಿ ಬೆಸಸಂಖ್ಯೆಯಲ್ಲೂ ಇರಬೇಕೆಂದು ಗೃಹ್ಯಸೂತ್ರಗಳು ಹೇಳುತ್ತವೆ. ಶಾಸ್ತ್ರೋಕ್ತವಾಗಿ ನಾಲ್ಕು ಬಗೆಯ ಹೆಸರುಗಳಿವೆ: ಕುಲದೇವತೆಯದು, ಹುಟ್ಟಿದ ಮಾಸದ್ದು, ನಕ್ಷತ್ರದ್ದು ಮತ್ತು ವ್ಯವಹಾರದ್ದು. ಜನ್ಮನಕ್ಷತ್ರದ ಹೆಸರನ್ನು ಪಂಚಾಂಗದ ಅವಕಹಡ ಚಕ್ರ ನಿರ್ಧರಿಸುತ್ತದೆ. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳಿದ್ದು, ಪ್ರತಿ ಪಾದಕ್ಕೂ ಒಂದೊಂದು ಆದ್ಯಕ್ಷರವಿದೆ. ಅಶ್ವಿನಿಗೆ ಚು, ಚೆ, ಚೊ, ಲ. ರೋಹಿಣಿಗೆ ಒ, ವ, ವಿ, ವು. ನಿತ್ಯ ಬಳಕೆಗೆ ಬರುವುದು ವ್ಯವಹಾರನಾಮ ಮಾತ್ರ. ಉಳಿದವು ಪೂಜೆ, ಜಾತಕಗಳಿಗೆ ಮೀಸಲು.

ಸಿಖ್ಖರಲ್ಲಿ ಗುರು ಗ್ರಂಥ ಸಾಹಿಬ್ ಅನ್ನು ತೆರೆದಾಗ ಎದುರಾಗುವ ಪದ್ಯದ ಮೊದಲ ಅಕ್ಷರದಿಂದ ಮಗುವಿನ ಹೆಸರು ಆರಂಭವಾಗುತ್ತದೆ. ಒಂದೇ ಹೆಸರು ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಗಂಡಿಗೆ ಸಿಂಗ್, ಹೆಣ್ಣಿಗೆ ಕೌರ್ ಎಂದು ಸೇರಿಸುವುದರಿಂದ ವ್ಯತ್ಯಾಸ ತಿಳಿಯುತ್ತದೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ, ಜಾತಿಸೂಚಕ ಹೆಸರುಗಳನ್ನು ಅಳಿಸಿ ಎಲ್ಲರನ್ನೂ ಒಂದೇ ನೆಲೆಗೆ ತರುವುದು ಈ ಪದಗಳ ಉದ್ದೇಶವಾಗಿತ್ತು. ಬಂಗಾಳದಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಶಾಲೆ, ಕಚೇರಿಗಳಿಗೆ ಭಾಲೊ ನಾಮ್. ಮನೆಯವರು, ಗೆಳೆಯರು ಕರೆಯಲು ಡಾಕ್ ನಾಮ್.

ಕರ್ನಾಟಕದ ತೊಟ್ಟಿಲು ಶಾಸ್ತ್ರ

ಕರ್ನಾಟಕದ ಮನೆಗಳಲ್ಲಿ ಹೆಸರಿಡುವ ಕಾರ್ಯ ಪುರೋಹಿತರ ವಿಧಿಗಿಂತ ಹೆಚ್ಚಾಗಿ ಹೆಂಗಸರ ಕೈಯಲ್ಲಿ ನಡೆಯುವ ತೊಟ್ಟಿಲು ಶಾಸ್ತ್ರವಾಗಿ ಬೆಳೆದಿದೆ. ಹಸೆ ಬರೆದ ಜಾಗದಲ್ಲಿ ತೊಟ್ಟಿಲು ಕಟ್ಟಿ, ಹೂ, ಹಸಿರು ಬಳೆ, ಕಡಲೆ, ಬೆಲ್ಲಗಳಿಂದ ಅಣಿಗೊಳಿಸುತ್ತಾರೆ. ಅನೇಕ ಕಡೆ ಮಗುವನ್ನು ಮಲಗಿಸುವ ಮುನ್ನ ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಕಲ್ಲಿನಷ್ಟು ಗಟ್ಟಿಯಾಗಿ ಮಗು ಬಾಳಲಿ ಎಂಬುದು ಆಶಯ. ಆಮೇಲೆ ತೊಟ್ಟಿಲ ಈ ಬದಿಯಲ್ಲೊಬ್ಬರು ಆ ಬದಿಯಲ್ಲೊಬ್ಬರು ನಿಂತು, ಮಗುವನ್ನು ತೊಟ್ಟಿಲ ಕೆಳಗಿನಿಂದ ಕೊಟ್ಟು ಮೇಲಿನಿಂದ ತೆಗೆದುಕೊಳ್ಳುತ್ತಾರೆ. ಕೊನೆಗೆ ಮಲಗಿಸಿ ಜೋಗುಳ ಹಾಡುತ್ತಾರೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಬಹಳಷ್ಟು ಮನೆಗಳಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆ ಬಾಗಿ ಹೆಸರು ಉಸುರುತ್ತಿದ್ದಂತೆ ಸುತ್ತ ನಿಂತವರು ಆಕೆಯ ಬೆನ್ನಿಗೆ ಗುದ್ದಿ ನಗುವುದೂ ಶಾಸ್ತ್ರದ ಭಾಗವೇ. ಲಿಂಗಾಯತರಲ್ಲಿ ಶಿಶುವಿಗೆ ಲಿಂಗಧಾರಣೆ ಮಾಡಿಸುವುದು ಮುಖ್ಯ ಸಂಸ್ಕಾರ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಔಡಲ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸಿ, ಕೋವಿಯ ಗುಂಡು ಹಾರಿಸಿ ಊರಿಗೆ ಸುದ್ದಿ ತಿಳಿಸುತ್ತಿದ್ದರು.

ಹೆಸರುಗಳ ಆಕರ

ಹೆಸರು ಎಲ್ಲಿಂದ ಬರಬೇಕೆಂಬುದಕ್ಕೆ ಪ್ರತಿ ಸಮಾಜದಲ್ಲೂ ಅಲಿಖಿತ ನಿಯಮಗಳಿವೆ. ಅವುಗಳಲ್ಲಿ ಹಳೆಯದು ಹಿರಿಯರ ಹೆಸರನ್ನು ಮರಳಿ ಇಡುವುದು. ಗ್ರೀಸಿನಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ರೂಢಿಯಾದ್ದರಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರುಕಳಿಸುತ್ತದೆ. ದಕ್ಷಿಣ ಭಾರತದಲ್ಲೂ ಈ ಪದ್ಧತಿಯಿದೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲದ ಮನೆಗಳಲ್ಲಿ ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನಿಗೆ ಕರೆಯಲು ಪುಟ್ಟ, ಅಪ್ಪು, ರಾಜ ಎಂಬಂಥ ಇನ್ನೊಂದು ಹೆಸರು ಬೇಕಾಗುತ್ತಿತ್ತು. ಯಹೂದಿಗಳಲ್ಲಿ ಎರಡು ವಿರುದ್ಧ ಆಚಾರಗಳಿವೆ. ಪೂರ್ವ ಯುರೋಪ್ ಮೂಲದ ಅಶ್ಕೆನಾಜಿಗಳು ತೀರಿಕೊಂಡ ಬಂಧುವಿನ ಹೆಸರನ್ನಷ್ಟೇ ಇಡುತ್ತಾರೆ, ಬದುಕಿರುವವರ ಹೆಸರಿಡುವುದು ಅಶುಭವೆನ್ನುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿಗಳಿಗೆ ಬದುಕಿರುವ ಅಜ್ಜ ಅಜ್ಜಿಯರ ಹೆಸರಿಡುವುದೇ ಗೌರವ. ಯೊರುಬಾದಲ್ಲಿ ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗು ಬಾಬಾತುಂಡೆ, ಅಂದರೆ ಮರಳಿ ಬಂದ ತಂದೆ. ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರಲ್ಲಿ ತೀರಿಕೊಂಡವರ ಹೆಸರು ಪಡೆದ ಮಗುವನ್ನು ಅವರ ಸಂಬಂಧವಾಚಕದಿಂದಲೇ ಕರೆಯುತ್ತಾರೆ. ಅಜ್ಜಿಯ ಹೆಸರಿಟ್ಟ ಹಸುಳೆಯನ್ನು ತಾಯಿ ‘ಅಮ್ಮ’ ಎನ್ನಬಹುದು.

ಚೀನಾದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹಿರಿಯರ ಹೆಸರನ್ನು ಮಕ್ಕಳಿಗಿಡುವುದು ಅಗೌರವ. ಅಲ್ಲಿ ತಲೆಮಾರಿನ ಗುರುತಿಗೆ ಬೇರೆಯೇ ವ್ಯವಸ್ಥೆಯಿದೆ. ಕುಲದ ಹಿರಿಯರು ಮೊದಲೇ ರಚಿಸಿಟ್ಟ ಪದ್ಯದ ಒಂದೊಂದು ಅಕ್ಷರ ಒಂದೊಂದು ತಲೆಮಾರಿಗೆ ಸಲ್ಲುತ್ತದೆ, ಆ ತಲೆಮಾರಿನ ಎಲ್ಲರ ಹೆಸರಿನಲ್ಲೂ ಅದು ಬರುತ್ತದೆ. ಮಾವೋ ಝೆದಾಂಗ್ ಮತ್ತು ಅವರ ತಮ್ಮಂದಿರಾದ ಝೆಮಿನ್, ಝೆತಾನ್ ಹೆಸರುಗಳಲ್ಲಿರುವ ‘ಝೆ’ ಇಂಥದ್ದು. ಎಂದೂ ಭೇಟಿಯಾಗದ ಇಬ್ಬರು ಒಂದೇ ಕುಲದವರು ಹೆಸರು ಕೇಳಿಯೇ ತಮ್ಮಲ್ಲಿ ಹಿರಿಯ ತಲೆಮಾರಿನವರು ಯಾರೆಂದು ತಿಳಿಯಬಲ್ಲರು. ಕನ್ಫ್ಯೂಷಿಯಸ್‌ನ ವಂಶಸ್ಥರಾದ ಕೊಂಗ್ ಕುಲದವರಲ್ಲಿ ಈ ಪದ್ಧತಿ ಇಂದಿಗೂ ನಡೆದುಬಂದಿದೆ.

ಹುಟ್ಟಿದ ಗಳಿಗೆ ಹೆಸರಿಗೆ ಇನ್ನೊಂದು ಆಕರ. ಅಕಾನ್ ಪದ್ಧತಿಯಲ್ಲಿ ವಾರದ ಏಳು ದಿನಗಳಿಗೆ ಗಂಡಿಗೂ ಹೆಣ್ಣಿಗೂ ಏಳೇಳು ಹೆಸರು. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಹೆಣ್ಣು ಅಫುವಾ ಅಥವಾ ಎಫುವಾ. ಶನಿವಾರದ ಗಂಡು ಕ್ವಾಮೆ, ಹೆಣ್ಣು ಅಮಾ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ 1938ರ ಏಪ್ರಿಲ್ 8ರ ಶುಕ್ರವಾರ ಹುಟ್ಟಿದವರು. ಅವರ ಪೂರ್ಣ ಹೆಸರಿನಲ್ಲಿ ಬರುವ ‘ಅಟ್ಟಾ’ ಅವರು ಅವಳಿ ಮಗು ಎಂಬುದನ್ನೂ ತಿಳಿಸುತ್ತದೆ. ಯೊರುಬಾ ಅವಳಿಗಳಲ್ಲಿ ಮೊದಲು ಹುಟ್ಟಿದ್ದು ತೈವೊ, ಅನಂತರದ್ದು ಕೆಹಿಂದೆ, ಅವಳಿಗಳ ಬೆನ್ನಿಗೆ ಹುಟ್ಟಿದ ಮಗು ಇದೋವು. ಮ್ಯಾನ್ಮಾರ್‌ನಲ್ಲಿ ಹುಟ್ಟಿದ ವಾರಕ್ಕೆ ತಕ್ಕಂತೆ ಹೆಸರಿನ ಆದ್ಯಕ್ಷರವನ್ನು ಆರಿಸುವ ಪರಂಪರೆಯಿದೆ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅವರ ಹೆಸರಿನ ಥಕಾರ ಶುಕ್ರವಾರದ ಅಕ್ಷರ. ‘ಊ’ ಎಂಬುದು ಗೌರವಸೂಚಕ. ಬಾಲಿ ದ್ವೀಪದಲ್ಲಿ ಹುಟ್ಟಿದ ಕ್ರಮವೇ ಹೆಸರು: ಮೊದಲನೆಯದು ವಾಯನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯ ಮಗುವಿನಿಂದ ಮತ್ತೆ ಅದೇ ಸರಣಿ.

ದೇವರ ಹೆಸರು ಭಾರತದಲ್ಲಿ ಹೆಚ್ಚು ಪ್ರಚಲಿತ. ಕರ್ನಾಟಕದಲ್ಲಿ ಹೆಸರು ಕೇಳಿಯೇ ಆ ಮನೆಯವರು ಯಾವ ಕ್ಷೇತ್ರಕ್ಕೆ ನಡೆದುಕೊಳ್ಳುತ್ತಾರೆಂದು ಊಹಿಸಬಹುದಿತ್ತು. ಮಾದಪ್ಪ, ಮಾದೇಶ ಎಂದರೆ ಮಲೆ ಮಹದೇಶ್ವರ. ನಂಜುಂಡ, ನಂಜಮ್ಮ ಎಂದರೆ ನಂಜನಗೂಡು. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿ. ಮಂಜುನಾಥ, ಮಂಜಯ್ಯ ಎಂದರೆ ಧರ್ಮಸ್ಥಳ. ಹೆಸರಿನ ಕೊನೆಗೆ ಬರುವ ಅಪ್ಪ, ಅಣ್ಣ, ಅಯ್ಯ, ಅಮ್ಮ, ಅಕ್ಕ, ಅವ್ವಗಳು ಎಳೆಯ ಮಗುವನ್ನೂ ಬಂಧುತ್ವದ ಹಿರಿತನದಿಂದಲೇ ಕರೆಯುತ್ತವೆ.

ಕೆಡುಕನ್ನು ದೂರವಿಡಲು ಬೇಕೆಂದೇ ಹೀನವಾದ ಹೆಸರಿಡುವುದೂ ಹಲವು ಸಂಸ್ಕೃತಿಗಳಲ್ಲಿ ಕಾಣುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಯ್ಯ ಎಂದೋ, ಕಲ್ಲ, ಗುಂಡ ಎಂದೋ ಹೆಸರಿಡುವುದು ಕನ್ನಡ ನಾಡಿನ ರೂಢಿಯಾಗಿತ್ತು. ಯಾರಿಗೂ ಬೇಡವಾದದ್ದೆಂದು ಸಾವಿನ ಕಣ್ಣಿಗೂ ಅದು ಬೀಳದಿರಲಿ ಎಂಬ ಉಪಾಯ. ಚೀನಾದ ಹಳ್ಳಿಗಳಲ್ಲಿ ಇದೇ ಕಾರಣಕ್ಕೆ ನಾಯಿಯ ಎಂಜಲು ಎಂಬರ್ಥದ ಅಡ್ಡಹೆಸರುಗಳಿದ್ದವು. ಥಾಯ್ಲೆಂಡಿನಲ್ಲಿ ಹಂದಿ, ಕಪ್ಪೆ ಎಂಬಂಥ ಮುದ್ದುಹೆಸರುಗಳು ಈಗಲೂ ಇವೆ. ಯೊರುಬಾದಲ್ಲಿ ಇಂಥ ಮಗುವನ್ನು ಹೆಸರಿನಲ್ಲೇ ಬೇಡಿಕೊಳ್ಳುತ್ತಾರೆ: ಮಲೋಮೊ ಎಂದರೆ ಮತ್ತೆ ಹೋಗಬೇಡ, ದುರೋಜಾಯೆ ಎಂದರೆ ಇದ್ದು ಬಾಳು.

ಹೆಸರಿನ ರಚನೆ

ತಂದೆಯ ಹೆಸರನ್ನು ಮಗುವಿನ ಹೆಸರಿಗೆ ಸೇರಿಸುವ ಪಿತೃನಾಮ ಪದ್ಧತಿ ಅತಿ ಸರಳ. ಇಥಿಯೋಪಿಯಾದಲ್ಲಿ ಕುಟುಂಬನಾಮವೇ ಇಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾರ ಸ್ವಂತ ಹೆಸರು ಅಬೆಬೆ, ಬಿಕಿಲಾ ಅವರ ತಂದೆ. ಐಸ್‌ಲ್ಯಾಂಡಿನಲ್ಲಿ ತಂದೆ ಅಥವಾ ತಾಯಿಯ ಹೆಸರಿಗೆ ಗಂಡಿಗೆ ‘ಸೊನ್’, ಹೆಣ್ಣಿಗೆ ‘ದೋತ್ತಿರ್’ ಸೇರುತ್ತದೆ. ಯೋನ್ ಎಂಬವನ ಮಗ ಯೋನ್ಸ್‌ಸೊನ್, ಮಗಳು ಯೋನ್ಸ್‌ದೋತ್ತಿರ್. ಒಂದೇ ಮನೆಯ ನಾಲ್ವರಿಗೆ ನಾಲ್ಕು ಬಗೆಯ ಎರಡನೆಯ ಹೆಸರಿರಬಹುದು. ಆದ್ದರಿಂದಲೇ ಅಲ್ಲಿನ ದೂರವಾಣಿ ಕೈಪಿಡಿಯಲ್ಲಿ ಜನರ ಪಟ್ಟಿ ಮೊದಲ ಹೆಸರಿನ ಅಕಾರಾದಿಯಲ್ಲಿತ್ತು. 1980ರಿಂದ 1996ರವರೆಗೆ ರಾಷ್ಟ್ರಾಧ್ಯಕ್ಷೆಯಾಗಿದ್ದ ವಿಗ್ದಿಸ್ ಫಿನ್‌ಬೊಗದೋತ್ತಿರ್ ಅವರನ್ನೂ ಜನ ಕರೆಯುತ್ತಿದ್ದುದು ವಿಗ್ದಿಸ್ ಎಂದೇ.

ರಷ್ಯಾದಲ್ಲಿ ಸ್ವಂತ ಹೆಸರು, ಪಿತೃನಾಮ, ಕುಟುಂಬನಾಮ ಮೂರೂ ಇವೆ. ಲೆವ್ ನಿಕೊಲಾಯೆವಿಚ್ ತೋಲ್‌ಸ್ತೊಯ್ ಎಂದರೆ ತೋಲ್‌ಸ್ತೊಯ್ ಮನೆತನದ, ನಿಕೊಲಾಯ್‌ನ ಮಗ ಲೆವ್. ಹಿರಿಯರನ್ನೂ ಶಿಕ್ಷಕರನ್ನೂ ಗೌರವದಿಂದ ಕರೆಯುವಾಗ ಮೊದಲ ಎರಡನ್ನು ಬಳಸಬೇಕು, ಕುಟುಂಬನಾಮವನ್ನಲ್ಲ. ಅರಬ್ಬರ ಸಾಂಪ್ರದಾಯಿಕ ಹೆಸರಿಗೆ ಇನ್ನೂ ಹೆಚ್ಚು ಅಂಗಗಳು: ಸ್ವಂತ ಹೆಸರು, ‘ಇಬ್ನ್’ ಸೇರಿಸಿ ಹೇಳುವ ವಂಶಾವಳಿ, ‘ಅಬು’ ಅಥವಾ ‘ಉಮ್ಮ್’ ಸೇರಿಸಿ ಮಗುವಿನ ಹೆಸರಿನಿಂದ ತಂದೆ ತಾಯಿಯನ್ನು ಗುರುತಿಸುವ ಕುನ್ಯಾ, ಬಿರುದು, ಮತ್ತು ಊರು ಅಥವಾ ಕುಲವನ್ನು ಸೂಚಿಸುವ ನಿಸ್ಬಾ. ಇಂತಹವನ ಅಪ್ಪ, ಇಂತಹವಳ ಅಮ್ಮ ಎಂದು ಹಿರಿಯರನ್ನು ಮಕ್ಕಳ ಹೆಸರಿನಿಂದ ಕರೆಯುವ ರೂಢಿ ಇಂಡೊನೇಷ್ಯಾದಲ್ಲೂ ಭಾರತದ ಹಳ್ಳಿಗಳಲ್ಲೂ ಇದೆ.

ಸ್ಪೇನ್ ಮತ್ತು ಸ್ಪ್ಯಾನಿಷ್ ಭಾಷೆಯ ದೇಶಗಳಲ್ಲಿ ಎರಡು ಕುಟುಂಬನಾಮಗಳು, ಮೊದಲು ತಂದೆಯದು, ಅನಂತರ ತಾಯಿಯದು. ಗೇಬ್ರಿಯಲ್ ಗಾರ್ಸಿಯ ಮಾರ್ಕೆಸ್ ಹೆಸರಿನಲ್ಲಿ ಗಾರ್ಸಿಯ ತಂದೆಯ ಕಡೆಯದು, ಮಾರ್ಕೆಸ್ ತಾಯಿಯ ಕಡೆಯದು. ಪ್ಯಾಬ್ಲೊ ಪಿಕಾಸೊ ಪ್ರಸಿದ್ಧರಾದದ್ದು ತಾಯಿಯ ಮನೆತನದ ಹೆಸರಿನಿಂದ. ತಂದೆಯ ಮನೆತನ ರುಯಿಸ್. ಪೋರ್ಚುಗೀಸರಲ್ಲಿ ಸಾಮಾನ್ಯವಾಗಿ ತಾಯಿಯದು ಮೊದಲು, ತಂದೆಯದು ಕೊನೆಗೆ. ಮಂಗಳೂರು ಮತ್ತು ಗೋವೆಯ ಕೊಂಕಣಿ ಕ್ರೈಸ್ತರ ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್ ಮುಂತಾದ ಮನೆತನದ ಹೆಸರುಗಳು ಪೋರ್ಚುಗೀಸರ ಕಾಲದಲ್ಲಿ ಮತಾಂತರದೊಂದಿಗೆ ಬಂದವು.

ಚೀನಾ, ಕೊರಿಯಾ, ಜಪಾನ್, ವಿಯೆಟ್ನಾಂ, ಹಂಗೇರಿಗಳಲ್ಲಿ ಕುಟುಂಬನಾಮ ಮೊದಲು ಬರುತ್ತದೆ. ಚೀನಾದ ಕುಲನಾಮಗಳು ಬಹಳ ಹಳೆಯವು. ಸಾಂಗ್ ರಾಜವಂಶದ ಕಾಲದ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ‘ನೂರು ಕುಲನಾಮಗಳು’ ಎಂಬ ಕೃತಿಯ ಪ್ರಚಲಿತ ಪಾಠದಲ್ಲಿ 504 ಹೆಸರುಗಳಿವೆ. ಕೊರಿಯಾದಲ್ಲಿ ಕಿಮ್, ಲೀ, ಪಾರ್ಕ್ ಎಂಬ ಮೂರೇ ಕುಲನಾಮಗಳು ಜನಸಂಖ್ಯೆಯ ಅರ್ಧಕ್ಕೆ ಸಮೀಪ ಜನರಿಗಿವೆ. ಹಾಗಾಗಿ ಕುಲನಾಮದ ಜೊತೆಗೆ ಮೂಲಪುರುಷನ ಊರನ್ನೂ ಹೇಳಿ ಬಳಿಯನ್ನು, ಅಂದರೆ ವಂಶದ ಕವಲನ್ನು, ಗುರುತಿಸುತ್ತಾರೆ. ಒಂದೇ ಮೂಲ ಊರಿನ ಒಂದೇ ಕುಲನಾಮದವರು ಮದುವೆಯಾಗುವಂತಿಲ್ಲವೆಂಬ ಕಾನೂನನ್ನು ದಕ್ಷಿಣ ಕೊರಿಯಾದ ಸಾಂವಿಧಾನಿಕ ನ್ಯಾಯಾಲಯ 1997ರಲ್ಲಿ ಅಮಾನ್ಯಗೊಳಿಸಿತು. ಸಗೋತ್ರ ವಿವಾಹವನ್ನು ತಡೆಯುವ ಭಾರತೀಯ ಆಚಾರಕ್ಕೆ ಆ ನಿಷೇಧ ತೀರ ಹತ್ತಿರದ್ದು.

ಕನ್ನಡಿಗರ ಹೆಸರಿನ ರಚನೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಹಳೆಯ ಮೈಸೂರು ಭಾಗದಲ್ಲಿ ಊರು ಮತ್ತು ತಂದೆಯ ಹೆಸರುಗಳು ಇನಿಷಿಯಲ್‌ಗಳಾಗಿ ಮುಂದೆ ನಿಲ್ಲುತ್ತವೆ, ಸ್ವಂತ ಹೆಸರು ಕೊನೆಗೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಡಿ.ವಿ.ಜಿ. ಆದದ್ದೂ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದದ್ದೂ ಹೀಗೆ. ಕೆಲವೊಮ್ಮೆ ಹೆಸರಿನ ಊರು ಕುಟುಂಬ ಎಂದೋ ಬಿಟ್ಟುಬಂದ ಊರಾಗಿರುತ್ತದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೋಕ್ಷಗುಂಡಂ ಇರುವುದು ಇಂದಿನ ಆಂಧ್ರಪ್ರದೇಶದಲ್ಲಿ. ಉತ್ತರ ಕರ್ನಾಟಕದಲ್ಲಿ ಕ್ರಮ ತಿರುಗುಮುರುಗು: ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಇದರ ಮಾದರಿಗಳು. ಅಡ್ಡಹೆಸರುಗಳಲ್ಲಿ ಊರುಗಳಿವೆ, ಬಡಿಗೇರ, ಕುಂಬಾರ, ಹೂಗಾರ, ಅಂಗಡಿ ಎಂಬ ಕಸುಬುಗಳಿವೆ, ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ದಿನಸಿಯ ಹೆಸರುಗಳೂ ಇವೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ಹೆಸರಿನ ‘ಕೆ’ಯೂ ಕೊಡಂದೇರ ಒಕ್ಕವೇ. 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ತಂಡಗಳು ಆಡುವುದು ಒಕ್ಕದ ಹೆಸರಿನಲ್ಲಿ. ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನ ಸಮುದಾಯಗಳಲ್ಲಿ ಬಳಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ.

ಮದುವೆ ಮತ್ತು ಹೆಸರು

ಮದುವೆಯಾದ ಹೆಣ್ಣು ಗಂಡನ ಕುಟುಂಬನಾಮ ಪಡೆಯುವುದು ಇಂಗ್ಲೆಂಡಿನಲ್ಲಿ ಬೇರೂರಿ, ವಸಾಹತುಗಳ ಮೂಲಕ ಹರಡಿದ ಆಚಾರ. ಚೀನಾ, ಕೊರಿಯಾ, ಇಥಿಯೋಪಿಯಾ, ಐಸ್‌ಲ್ಯಾಂಡ್, ಅರಬ್ ದೇಶಗಳು, ಸ್ಪೇನ್ ಇವುಗಳಲ್ಲಿ ಹೆಣ್ಣಿನ ಹೆಸರು ಮದುವೆಯಿಂದ ಬದಲಾಗುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದಲೂ ಗ್ರೀಸಿನಲ್ಲಿ 1983ರಿಂದಲೂ ಹುಟ್ಟುಹೆಸರನ್ನು ಉಳಿಸಿಕೊಳ್ಳುವುದೇ ಕಾನೂನು. ಜಪಾನಿನ ನಾಗರಿಕ ಸಂಹಿತೆ ಗಂಡಹೆಂಡತಿ ಒಂದೇ ಕುಟುಂಬನಾಮ ಇಟ್ಟುಕೊಳ್ಳಬೇಕೆನ್ನುತ್ತದೆ. ಯಾರದ್ದನ್ನಾದರೂ ಆರಿಸಿಕೊಳ್ಳಬಹುದಾದರೂ ಬದಲಾಗುವುದು ಹೆಚ್ಚಾಗಿ ಹೆಣ್ಣಿನದೇ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2015 ಮತ್ತು 2021ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿ, ಅದಕ್ಕೆ ಹೊಂದಿಕೊಂಡ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಮದುಮಗಳ ಸ್ವಂತ ಹೆಸರನ್ನೇ ಬದಲಿಸಿ, ಹೊಸದನ್ನು ತಟ್ಟೆಯ ಅಕ್ಕಿಯಲ್ಲಿ ಬರೆಯುವ ರೂಢಿಯಿತ್ತು.

ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬ ನಿಷೇಧ ಒಂದು ಜಾನಪದ ಪ್ರಕಾರವನ್ನೇ ಬೆಳೆಸಿದೆ. ಕರ್ನಾಟಕದ ಮದುವೆ, ಸೀಮಂತಗಳಲ್ಲಿ ಹೆಂಗಸರು ಮದುಮಗಳನ್ನು ಸುತ್ತುವರಿದು ಗಂಡನ ಹೆಸರು ಹೇಳೆಂದು ಪೀಡಿಸುತ್ತಾರೆ. ಆಕೆ ಪ್ರಾಸಬದ್ಧವಾದ ಒಡಪು ಕಟ್ಟಿ, ಅದರ ಕೊನೆಯಲ್ಲಿ ಹೆಸರು ಬರುವಂತೆ ಜೋಡಿಸಿ ಹೇಳಬೇಕು. ಒಡಪು ಬಾರದವಳಿಗೆ ಹೊಸ್ತಿಲಲ್ಲೇ ತಡೆ.

ಹೆಸರು ಮತ್ತು ಹಬ್ಬ

ಸಂತರ ಹೆಸರಿಡುವ ಕ್ರೈಸ್ತ ದೇಶಗಳಲ್ಲಿ ಆ ಸಂತರ ಸ್ಮರಣೆಯ ದಿನವೇ ಹೆಸರಿನ ಹಬ್ಬ. ಗ್ರೀಸಿನಲ್ಲಿ ಅದು ಹುಟ್ಟುಹಬ್ಬಕ್ಕಿಂತ ದೊಡ್ಡದು. ಡಿಸೆಂಬರ್ 6 ನಿಕೊಲಾಸ್ ಹೆಸರಿನವರಿಗೆ, ಅಕ್ಟೋಬರ್ 26 ದಿಮಿತ್ರಿಯೊಸ್ ಹೆಸರಿನವರಿಗೆ, ಆಗಸ್ಟ್ 15 ಮರಿಯಾಗಳಿಗೆ. ಆ ದಿನ ಯಾರನ್ನೂ ಕರೆಯಬೇಕಿಲ್ಲ, ತಿಳಿದವರು ತಾವಾಗಿ ಬರುತ್ತಾರೆ, ಸಿಹಿ ಹಂಚುವುದು ಹೆಸರಿನವರ ಹೊಣೆ. ಪೋಲೆಂಡ್, ಹಂಗೇರಿ, ಸ್ವೀಡನ್, ಲಾಟ್ವಿಯಾಗಳ ಕ್ಯಾಲೆಂಡರುಗಳಲ್ಲಿ ದಿನದಿನಕ್ಕೂ ಹೆಸರುಗಳನ್ನು ಅಚ್ಚುಹಾಕುತ್ತಾರೆ. ಲಾಟ್ವಿಯಾದಲ್ಲಿ ಕ್ಯಾಲೆಂಡರಿನಲ್ಲಿ ಜಾಗ ಸಿಗದ ಹೆಸರಿನವರಿಗೆಲ್ಲ ಮೇ 22ನ್ನು ಬಿಟ್ಟುಕೊಟ್ಟಿದ್ದಾರೆ. ರಷ್ಯಾದಲ್ಲಿ ಸಂತ ತಾತಿಯಾನಾಳ ದಿನವಾದ ಜನವರಿ 25 ವಿದ್ಯಾರ್ಥಿಗಳ ದಿನವೂ ಹೌದು. ಮಾಸ್ಕೊ ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ಆಜ್ಞೆಗೆ 1755ರಲ್ಲಿ ಸಹಿಬಿದ್ದದ್ದು ಆ ಹಬ್ಬದಂದು.

ಸರ್ಬಿಯಾದ ಸ್ಲಾವಾ ಇಡೀ ಕುಟುಂಬದ ಹಬ್ಬ. ಪ್ರತಿ ಮನೆತನಕ್ಕೂ ಒಬ್ಬ ಕಾವಲು ಸಂತನಿದ್ದಾನೆ, ಆ ಸಂತನ ದಿನ ತಂದೆಯಿಂದ ಮಗನಿಗೆ ಬಳುವಳಿಯಾಗಿ ಬರುತ್ತದೆ. ಮೇಣದಬತ್ತಿ ಹಚ್ಚಿ, ಬೇಯಿಸಿದ ಸಿಹಿಗೋಧಿಯನ್ನೂ ಶಿಲುಬೆಯ ಗುರುತಿರುವ ರೊಟ್ಟಿಯನ್ನೂ ಮೇಜಿನ ಮೇಲಿಟ್ಟು, ದ್ರಾಕ್ಷಾರಸ ಸುರಿದು ರೊಟ್ಟಿ ಮುರಿಯುತ್ತಾರೆ. ಹಳೆಯ ಕ್ಯಾಲೆಂಡರಿನಂತೆ ಡಿಸೆಂಬರ್ 19ಕ್ಕೆ ಬರುವ ಸಂತ ನಿಕೊಲಾಸನ ದಿನ ಸ್ಲಾವಾ ಆಚರಿಸುವ ಮನೆಗಳು ಹೆಚ್ಚು. ಯುನೆಸ್ಕೊ 2014ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿರಿಯರ ಹೆಸರು ಹಿಡಿದು ಸ್ಮರಿಸುವ ಹಬ್ಬಗಳೂ ಇವೆ. ಚೀನಾದಲ್ಲಿ ಏಪ್ರಿಲ್ ಮೊದಲ ವಾರದ ಕ್ವಿಂಗ್‌ಮಿಂಗ್‌ನಂದು ಸಮಾಧಿಗಳನ್ನು ಶುಚಿಗೊಳಿಸುತ್ತಾರೆ. ಭಾರತದಲ್ಲಿ ಭಾದ್ರಪದ ಕೃಷ್ಣಪಕ್ಷದ ಪಿತೃಪಕ್ಷದಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರು, ಗೋತ್ರ ಹೇಳಿ ತರ್ಪಣ ಕೊಡುತ್ತಾರೆ. ಕುಟುಂಬನಾಮವಿಲ್ಲದ ಮನೆಗಳಲ್ಲೂ ಮೂರು ತಲೆಮಾರಿನ ಹೆಸರು ನೆನಪಿನಲ್ಲಿ ಉಳಿದದ್ದು ಈ ವಿಧಿಯಿಂದ.

ಸರ್ಕಾರ, ಕಾನೂನು ಮತ್ತು ಹೆಸರು

ತೆರಿಗೆ, ಸೇನೆ, ಆಸ್ತಿ ದಾಖಲೆಗಳಿಗೆ ಜನರನ್ನು ಗುರುತಿಸಲು ಆಧುನಿಕ ಸರ್ಕಾರಗಳು ಕುಟುಂಬನಾಮವನ್ನು ಕಡ್ಡಾಯ ಮಾಡಿದವು. ಆಸ್ಟ್ರಿಯಾದ ಎರಡನೆಯ ಜೋಸೆಫ್ 1787ರಲ್ಲಿ ಯಹೂದಿಗಳಿಗೂ, ನೆಪೋಲಿಯನ್ 1811ರಲ್ಲಿ ಡಚ್ಚರಿಗೂ ಈ ಆಜ್ಞೆ ಹೊರಡಿಸಿದರು. ಫಿಲಿಪ್ಪೀನ್ಸ್‌ನಲ್ಲಿ ಸ್ಪ್ಯಾನಿಷ್ ಗವರ್ನರ್ ಕ್ಲವೆರಿಯಾ 1849ರಲ್ಲಿ ಅಕಾರಾದಿ ಹೆಸರುಪಟ್ಟಿಯನ್ನು ಅಚ್ಚುಹಾಕಿಸಿ ಊರುಗಳಿಗೆ ಹಂಚಿಸಿದರು; ಆಲ್ಬಾಯ್ ಪ್ರಾಂತದ ಓಆಸ್ ಪಟ್ಟಣದ ಹಳೆಯ ಮನೆತನಗಳ ಹೆಸರುಗಳೆಲ್ಲ ‘ಆರ್’ ಅಕ್ಷರದಿಂದ ಆರಂಭವಾಗಲು ಇದು ಕಾರಣ. ಜಪಾನಿನಲ್ಲಿ 1875ರಲ್ಲಿ, ಥಾಯ್ಲೆಂಡಿನಲ್ಲಿ 1913ರಲ್ಲಿ ಎಲ್ಲರೂ ಕುಟುಂಬನಾಮ ಪಡೆದರು. ಟರ್ಕಿಯ 1934ರ ಕಾನೂನಿನಂತೆ ಮುಸ್ತಫಾ ಕೆಮಾಲ್‌ಗೆ ಸಂಸತ್ತು ಅತಾತುರ್ಕ್ ಎಂಬ ಹೆಸರು ಕೊಟ್ಟಿತು. ಮಂಗೋಲಿಯಾದಲ್ಲಿ ನಡೆದದ್ದು ಉಲ್ಟಾ. ಕಮ್ಯುನಿಸ್ಟ್ ಸರ್ಕಾರ 1920ರ ದಶಕದಲ್ಲಿ ಕುಲನಾಮಗಳನ್ನು ನಿಷೇಧಿಸಿತು. 1990ರ ದಶಕದಲ್ಲಿ ಮತ್ತೆ ಅವಕಾಶ ಸಿಕ್ಕಾಗ ತಮ್ಮ ಕುಲ ಮರೆತಿದ್ದ ಬಹಳಷ್ಟು ಜನ ಚೆಂಗೀಸ್ ಖಾನನ ಬೊರ್ಜಿಗಿನ್ ಕುಲನಾಮವನ್ನೇ ಆರಿಸಿಕೊಂಡರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಗುರ್ರಗ್ಚಾ ಬ್ರಹ್ಮಾಂಡ ಎಂಬರ್ಥದ ‘ಸನ್ಸಾರ್’ ಅನ್ನು ಕುಲನಾಮ ಮಾಡಿಕೊಂಡರು. ಕೆನಡಾ ಸರ್ಕಾರ ಸಂಖ್ಯೆಯ ಬಿಲ್ಲೆಗಳಿಂದ ಗುರುತಿಸುತ್ತಿದ್ದ ಇನುಯಿಟರಿಗೆ ಕುಟುಂಬನಾಮ ಕೊಡುವ ಯೋಜನೆ ಆರಂಭವಾದದ್ದು 1970ರ ಸುಮಾರಿಗೆ.

ಮೊದಲ ಹೆಸರಿನ ಮೇಲೂ ಕಾನೂನಿನ ಕಣ್ಣಿದೆ. ಫ್ರಾನ್ಸಿನಲ್ಲಿ 1803ರ ಕಾನೂನು ಹೆಸರುಗಳನ್ನು ಕ್ಯಾಲೆಂಡರಿನ ಸಂತರು ಮತ್ತು ಪ್ರಾಚೀನ ಇತಿಹಾಸದ ವ್ಯಕ್ತಿಗಳಿಗೆ ಸೀಮಿತಗೊಳಿಸಿತ್ತು. ಪೂರ್ಣ ಸ್ವಾತಂತ್ರ್ಯ ಸಿಕ್ಕದ್ದು 1993ರಲ್ಲಿ. ಜಪಾನಿನಲ್ಲಿ ಹೆಸರಿಗೆ ಬಳಸಬಹುದಾದ ಚಿತ್ರಲಿಪಿಗಳ ಅಧಿಕೃತ ಪಟ್ಟಿಯಿದೆ. ಐಸ್‌ಲ್ಯಾಂಡಿನ ಹೆಸರು ಸಮಿತಿ ಹೊಸ ಹೆಸರು ಭಾಷೆಯ ವಿಭಕ್ತಿಗಳಿಗೆ ಒಗ್ಗುತ್ತದೆಯೇ ಎಂದು ಪರಿಶೀಲಿಸುತ್ತದೆ. ಅಲ್ಲಿನ 2019ರ ಕಾನೂನು ಹೆಸರುಗಳ ಲಿಂಗಭೇದವನ್ನು ತೆಗೆದುಹಾಕಿ, ದಾಖಲೆಯಲ್ಲಿ ತಮ್ಮ ಲಿಂಗವನ್ನು ತಟಸ್ಥವೆಂದು ನಮೂದಿಸಿದವರಿಗೆ ಮಗು ಎಂಬರ್ಥದ ‘ಬುರ್’ ಪ್ರತ್ಯಯಕ್ಕೆ ಅವಕಾಶ ಕೊಟ್ಟಿತು.

ಭಾರತದಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರಿಲ್ಲದೆಯೂ ನೋಂದಾಯಿಸಿ ಅನಂತರ ಸೇರಿಸಬಹುದು. 12 ತಿಂಗಳವರೆಗೆ ಅದಕ್ಕೆ ಶುಲ್ಕವಿಲ್ಲ. ನಾಮಕರಣಕ್ಕೆ ಕಾಯುವ ರೂಢಿಗೆ ಈ ನಿಯಮ ಹೊಂದಿಕೊಳ್ಳುತ್ತದೆ. ಹೆಸರಿನ ರಚನೆಯನ್ನು ಭಾರತದ ಕಾನೂನು ಗೊತ್ತುಪಡಿಸಿಲ್ಲ. ತೊಡಕು ಏಳುವುದು ಗಡಿ ದಾಟುವಾಗ. ವಿದೇಶಿ ನಮೂನೆಗಳು ಮೊದಲ ಹೆಸರು, ಕುಟುಂಬನಾಮ ಎಂಬ ಎರಡು ಖಾನೆಗಳನ್ನೇ ಕೇಳುತ್ತವೆ. ಒಂದೇ ಹೆಸರಿರುವ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಪ್ರಕಟಿಸಿತು. ಹೊರದೇಶಗಳಲ್ಲಿ ನೆಲೆಸಿದ ಹಳೆಯ ಮೈಸೂರಿನ ಕುಟುಂಬಗಳಲ್ಲಿ ಇನಿಷಿಯಲ್ ಬಿಡಿಸಿ ಬರೆದ ಊರಿನ ಹೆಸರು ಒಬ್ಬರಿಗೆ, ತಂದೆಯ ಹೆಸರು ಇನ್ನೊಬ್ಬರಿಗೆ ಕುಟುಂಬನಾಮವಾಗಿ, ಗಂಡ, ಹೆಂಡತಿ, ಮಕ್ಕಳ ದಾಖಲೆಗಳಲ್ಲಿ ಬೇರೆ ಬೇರೆ ಹೆಸರುಗಳು ಕಾಣುವುದುಂಟು. ಹೀಗೆ ಒಬ್ಬರ ಸ್ವಂತ ಹೆಸರು ಮುಂದಿನ ತಲೆಮಾರಿಗೆ ಮನೆತನದ ಹೆಸರಾಗಿ ನಿಂತು, ಅಲ್ಲಿಂದ ಮುಂದೆ ಬದಲಾಗದೆ ಇಳಿಯತೊಡಗುತ್ತದೆ. ಯುರೋಪಿನ ಹಲವು ಕುಟುಂಬನಾಮಗಳು ರೂಪುಗೊಂಡದ್ದೂ ಇದೇ ಬಗೆಯಲ್ಲಿ.